ಸಾರಟೋಗಾ ನೋಡಿ ಬಂದ್ವಿ: ಒಂದೇ ಕಾಳಗ ಇಡೀ ಯುದ್ಧದ ದಿಕ್ಕು ಬದಲಿಸುತ್ತಾ?

ಹಳೇಬೇರು:
ನಮ್ಮಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿ ನಿವೃತ್ತರಾದವರು. ಈಗ ಆರು ತಿಂಗಳಿಗೆ ಅಂತ ಆಲ್ಬನಿಯ ನಮ್ಮ ಮನೆಗೆ ಬಂದಿದ್ದಾರೆ. ನಯಾಗರಾ ತೋರಿಸ್ತೀನಿ ಅಂದ್ರೆ "ನೀರು ಜೋಗದಲ್ಲೂ ಬೀಳುತ್ತೆ, ನನಗೆ ಸಾರಟೋಗಾ ತೋರಿಸು" ಅಂದ್ರು. ಸ್ವಾತಂತ್ರ್ಯಕ್ಕೆ ಹೋರಾಡ್ತಿದ್ದ ಅಮೆರಿಕನ್ನರು 1777ರಲ್ಲಿ ಬ್ರಿಟಿಷರ ಒಂದು ಸೈನ್ಯವನ್ನ ಸೋಲಿಸಿದ ಜಾಗ ಅದು. ಶನಿವಾರ ಹೋಗಿದ್ವಿ. ಮುಕ್ಕಾಲು ಗಂಟೆ ದಾರಿ, ಹಡ್ಸನ್ ನದಿ ಪಕ್ಕದ ಗುಡ್ಡ, ಹುಲ್ಲು, ಅಲ್ಲಲ್ಲಿ ಫಿರಂಗಿ. ಅಷ್ಟೇ.

ಆದ್ರೆ ಅಲ್ಲೊಂದು ವಿಚಿತ್ರ ಕಲ್ಲಿದೆ. ಅದರ ಮೇಲೆ ಒಂದು ಬೂಟು, ಫಿರಂಗಿಯ ನಳಿಗೆ, ಅಧಿಕಾರಿಯ ಭುಜಪಟ್ಟಿ ಕೆತ್ತಿದ್ದಾರೆ. ಮನುಷ್ಯ ಇಲ್ಲ. ಹೆಸರೂ ಇಲ್ಲ. ಅದು ಅಮೆರಿಕದ ಕಡೆಯ ಸೇನಾನಿ ಬೆನೆಡಿಕ್ಟ್ ಆರ್ನಲ್ಡ್‌ನ ಕಾಲಂತೆ. 1777ರ ಅಕ್ಟೋಬರ್ 7ರಂದು ಕುದುರೆ ಮೇಲೆ ಮುನ್ನುಗ್ಗಿ ಕಾಲಿಗೆ ಗುಂಡು ತಿಂದ. ಮೂರು ವರ್ಷ ಆದಮೇಲೆ ಅದೇ ಮನುಷ್ಯ ಬ್ರಿಟಿಷರ ಕಡೆಗೆ ಹೋದ. ಹಾಗಾಗಿ ಹೆಸರು ಬಿಟ್ಟು ಕಾಲಿಗೆ ಮಾತ್ರ ಗೌರವ. ಅವನ ಹೆಸರು ಬರೆಯದವರು "ಅಮೆರಿಕದ ಕ್ರಾಂತಿಯ ನಿರ್ಣಾಯಕ ಕದನ" ಅಂತ ಮಾತ್ರ ಅದೇ ಕಲ್ಲಿನ ಮೇಲೆ ಬರೆದಿದ್ದಾರೆ.

ಅಪ್ಪ ಅಲ್ಲೇ ನಿಂತು ಕೇಳಿದ್ರು: "ನಿರ್ಣಾಯಕ ಅಂದ್ರೆ ಅಲ್ಲಿಗೆ ತೀರ್ಮಾನ ಆಗಬೇಕಲ್ಲಮ್ಮ? 1777ರಲ್ಲಿ ಗೆದ್ದೋರಿಗೆ ಸ್ವಾತಂತ್ರ್ಯ ಕೈಗೆ ಬರೋಕೆ 1783 ಆಯ್ತಲ್ಲ, ಯಾಕೆ?" ನಾನು ಕಂಪ್ಯೂಟರ್ ಓದಿದವಳು. ಕಾಫಿ ಕುಡಿಯೋಣ ಬನ್ನಿ ಅಂದೆ. ಗೊತ್ತಿರೋರು ಹೇಳಿ, ಅವರು ಬಿಡೋ ಪೈಕಿ ಅಲ್ಲ.

ಮೆಣಸಿನಕಾಯಿ ಬಜ್ಜಿ:
ಇಡೀ ಅಮೆರಿಕದಲ್ಲಿ ಒಂದು ಬೂಟು ನೋಡೋಕೆ ಶನಿವಾರ ಹಾಳು ಮಾಡ್ಕೊಂಡ್ರಾ?

ವರ್ಜೀನಿಯಾ ವಾಸಿ:
ನಿಮ್ಮಪ್ಪನ ಅನುಮಾನ ಸರಿ. ಯುದ್ಧ ತೀರ್ಮಾನವಾದದ್ದು ಸಾರಟೋಗಾದಲ್ಲಿ ಅಲ್ಲ, ಯಾರ್ಕ್‌ಟೌನ್‌ನಲ್ಲಿ, 1781ರ ಅಕ್ಟೋಬರ್ 19ರಂದು. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಏಳು ಸಾವಿರಕ್ಕೂ ಹೆಚ್ಚು ಜನರ ಜೊತೆ ಶರಣಾದ. ಸುದ್ದಿ ಲಂಡನ್ ತಲುಪಿದ ಮೇಲೆ 1782ರ ಫೆಬ್ರುವರಿ ಕೊನೆಗೆ ಪಾರ್ಲಿಮೆಂಟು "ಇನ್ನು ಅಮೆರಿಕದಲ್ಲಿ ದಾಳಿ ಸಾಕು" ಅಂತ ಮತ ಹಾಕಿತು. ಮಾರ್ಚ್‌ನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಕುರ್ಚಿ ಬಿಟ್ಟ. ನಿರ್ಣಾಯಕ ಅಂದ್ರೆ ಇದು. ನಾನು ಅಲ್ಲಿಂದ ಅರ್ಧ ಗಂಟೆ ದೂರದಲ್ಲಿದ್ದೀನಿ, ಪಕ್ಷಪಾತ ಇದೆ, ಒಪ್ಕೋತೀನಿ.

ಸುಮ್ನೆ ಓದುವವ:
ಸಾರಟೋಗಾದಲ್ಲಿ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್ ಶರಣಾಗಿದ್ದು ವಾಷಿಂಗ್ಟನ್‌ಗೆ ತಾನೇ? ಅದಾದ ಮೇಲೆ ಅವನು ದೊಡ್ಡ ನಾಯಕನಾದ ಅಂತ ಓದಿದ ನೆನಪು.

ನಿದ್ದೆಗೆಟ್ಟವಳು:
ಅಲ್ಲ. ಸಾರಟೋಗಾದಲ್ಲಿದ್ದ ಅಮೆರಿಕದ ಸೇನಾಪತಿ ಹೊರೇಶಿಯೋ ಗೇಟ್ಸ್. ಆ ಹೊತ್ತಿಗೆ ವಾಷಿಂಗ್ಟನ್ ಪೆನ್ಸಿಲ್ವೇನಿಯಾದಲ್ಲಿ ಸೋಲುತ್ತಿದ್ದ. ಸೆಪ್ಟೆಂಬರ್ 11ಕ್ಕೆ ಬ್ರಾಂಡಿವೈನ್ ಕೈಬಿಟ್ಟಿತು, 26ಕ್ಕೆ ಫಿಲಡೆಲ್ಫಿಯಾನೇ ಹೋಯಿತು, ಅಕ್ಟೋಬರ್ 4ರಂದು ಜರ್ಮನ್‌ಟೌನ್‌ನಲ್ಲಿ ಮತ್ತೆ ಪೆಟ್ಟು. ಕಾಂಗ್ರೆಸ್ (ಅಮೆರಿಕನ್ನರ ಪ್ರತಿನಿಧಿ ಸಭೆ) ಗಂಟುಮೂಟೆ ಕಟ್ಟಿ ಓಡಿತ್ತು. ರಾಜಧಾನಿ ಕಳ್ಕೊಂಡ ಮೂರು ವಾರಕ್ಕೆ, ಅಕ್ಟೋಬರ್ 17ರಂದು, ಉತ್ತರದಲ್ಲಿ ಒಂದು ಇಡೀ ಬ್ರಿಟಿಷ್ ಸೈನ್ಯ, ಹೆಚ್ಚೂಕಡಿಮೆ 5,800 ಜನ, ಕೋವಿ ಕೆಳಗಿಟ್ಟರು. ಯುರೋಪಿನವರಿಗೆ ಆಶ್ಚರ್ಯ ಆಗಿದ್ದು ಅದಕ್ಕೇ.

ಹಳೇಬೇರು:
ಇದನ್ನ ಅಪ್ಪನಿಗೆ ಓದಿ ಹೇಳಿದೆ. "ಹೌದು, ಗೇಟ್ಸ್, ಗೇಟ್ಸ್" ಅಂದ್ರು, ಮೊದಲೇ ಗೊತ್ತಿತ್ತು ಅನ್ನೋ ಹಾಗೆ. ಗೊತ್ತಿರಲಿಲ್ಲ.

ಗಣಿತದ ಮೇಷ್ಟ್ರು:
ಯಾವ ಕಾಳಗವೂ ತಾನಾಗಿ ನಿರ್ಣಾಯಕ ಅಲ್ಲ. ಯುದ್ಧ ಮುಗಿದ ಮೇಲೆ ಬರೆಯುವವರು ಹಿಂದಕ್ಕೆ ತಿರುಗಿ ಒಂದು ದಿನಕ್ಕೆ ಕುಂಕುಮ ಇಡುತ್ತಾರೆ. ಅಮೆರಿಕ ಸೋತಿದ್ದರೆ ಸಾರಟೋಗಾ ಪಠ್ಯದಲ್ಲಿ ಅರ್ಧ ಸಾಲು. ಆರ್ನಲ್ಡ್‌ನ ಕಾಲಿನ ಕಲ್ಲೂ ಇರುತ್ತಿರಲಿಲ್ಲ.

ತೋಟದಮನೆ:
ಮೇಷ್ಟ್ರೇ, ಮಾತು ಚಂದ ಇದೆ, ಆದರೆ ಪೂರ್ತಿ ಒಪ್ಪೋಕಾಗಲ್ಲ. ಆ ಕಾಳಗದ ಮೊದಲು ಏನಿತ್ತು, ಆಮೇಲೆ ಏನಾಯ್ತು ಅಂತ ಪಕ್ಕಪಕ್ಕ ಇಟ್ಟು ನೋಡಿ.

ಮೊದಲು: ಫ್ರಾನ್ಸ್ ಅಮೆರಿಕಕ್ಕೆ ಕದ್ದುಮುಚ್ಚಿ ಸಹಾಯ ಮಾಡುತ್ತಿತ್ತು. ಬೊಮಾರ್ಷೆ ಅನ್ನೋ ನಾಟಕಕಾರ ಒಂದು ನಕಲಿ ವ್ಯಾಪಾರದ ಅಂಗಡಿ ತೆಗೆದು ಅದರ ಹೆಸರಲ್ಲಿ ಕೋವಿ, ಮದ್ದು, ಬಟ್ಟೆ ಸಾಗಿಸುತ್ತಿದ್ದ. ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕನ್ನರು ಹಾರಿಸಿದ ಮದ್ದಿನ ಬಹುಪಾಲು ಹೊರಗಿನಿಂದ ಬಂದದ್ದು. ಮದ್ದಿಗೆ ಬೇಕಾದ ಪೆಟ್ಲುಪ್ಪು ಮಾಡೋಕೂ ಅವರಿಗೆ ಸರಿಯಾಗಿ ಬರ್ತಿರಲಿಲ್ಲ. ಬ್ರಿಟಿಷರಿಗೆ ಆ ಚಿಂತೆ ಇರಲಿಲ್ಲ, ಬಿಹಾರದ ಪೆಟ್ಲುಪ್ಪೆಲ್ಲ ಅವರ ಕೈಲಿತ್ತು.

ಆಮೇಲೆ: ಸುದ್ದಿ ಪ್ಯಾರಿಸ್ ಮುಟ್ಟಿದ್ದು ಡಿಸೆಂಬರ್ ಮೊದಲ ವಾರ. 1778ರ ಫೆಬ್ರುವರಿ 6ಕ್ಕೆ ಅಮೆರಿಕದ ಪ್ರತಿನಿಧಿ ಫ್ರಾಂಕ್ಲಿನ್ ಮತ್ತು ಸಂಗಡಿಗರು ಫ್ರಾನ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದಾಗಿತ್ತು. ಎರಡು ತಿಂಗಳು! 1779ಕ್ಕೆ ಸ್ಪೇನ್ ಇಳಿಯಿತು. 1780ರ ಕೊನೆಗೆ ಡಚ್ಚರ ಮೇಲೂ ಯುದ್ಧ. ಬ್ರಿಟನ್ನಿಗೆ ಮನೆ ಜಗಳ ಅಂತಿದ್ದದ್ದು ಊರ ಜಗಳ ಆಯ್ತು. ವೆಸ್ಟ್ ಇಂಡೀಸ್ ಸಕ್ಕರೆ ದ್ವೀಪ ಕಾಯಬೇಕು, ಜಿಬ್ರಾಲ್ಟರ್ ಕಾಯಬೇಕು, ತನ್ನ ಕರಾವಳಿಯನ್ನೇ ಕಾಯಬೇಕು. ಅಮೆರಿಕಕ್ಕೆ ಉಳಿದದ್ದೆಷ್ಟು ಹಡಗು?

ಯಾರ್ಕ್‌ಟೌನ್ ಅಂತೀರಲ್ಲ ವರ್ಜೀನಿಯಾದವರೇ, ಆ ಫಸಲಿಗೆ ಬೀಜ ಬಿದ್ದದ್ದೇ ಸಾರಟೋಗಾದಲ್ಲಿ.

ಗಣಿತದ ಮೇಷ್ಟ್ರು:
ಫ್ರಾನ್ಸ್ ಬರುವುದೇ ಇತ್ತು. 1763ರಲ್ಲಿ ಕೆನಡಾ ಕಳೆದುಕೊಂಡ ಉರಿ ಆರಿರಲಿಲ್ಲ. ಮಂತ್ರಿ ವೆರ್ಜೆನ್ ನೌಕಾಪಡೆ ಸಜ್ಜಾಗಲಿ ಅಂತ ಕಾಯುತ್ತಿದ್ದ. 1778ಕ್ಕೆ ಅದು ಸಜ್ಜಾಯಿತು. ಸಾರಟೋಗಾ ಒಂದು ನೆಪ.

ತೋಟದಮನೆ:
ಮದುವೆಗೆ ಹುಡುಗ ತಯಾರಿದ್ದ ಅಂದಮಾತ್ರಕ್ಕೆ ಹುಡುಗಿ ನೋಡೋ ಶಾಸ್ತ್ರ ನೆಪ ಆಗಲ್ಲ ಮೇಷ್ಟ್ರೇ. ಸೋಲೋ ಕುದುರೆ ಮೇಲೆ ಯಾರೂ ದುಡ್ಡು ಕಟ್ಟಲ್ಲ. ಇನ್ನೊಂದು ಮರೀತೀರಿ: ಸಾರಟೋಗಾ ಆದಮೇಲೆ ಬ್ರಿಟನ್ನೇ ಹೆದರಿ 1778ರಲ್ಲಿ ಕಾರ್ಲೈಲ್ ನಿಯೋಗ ಕಳಿಸಿತು. ತೆರಿಗೆ ಹಾಕಲ್ಲ, ನಿಮ್ಮ ಆಡಳಿತ ನೀವೇ ಮಾಡ್ಕೊಳ್ಳಿ, ಸ್ವಾತಂತ್ರ್ಯ ಒಂದು ಬಿಟ್ಟು ಏನು ಬೇಕಾದ್ರೂ ಕೇಳಿ ಅಂತ. 1775ರಲ್ಲಿ ಅದನ್ನೇ ಕೊಟ್ಟಿದ್ರೆ ಯುದ್ಧವೇ ಇರ್ತಿರಲಿಲ್ಲ. ಕಾಂಗ್ರೆಸ್ ಮುಖ ಕೊಟ್ಟು ಮಾತಾಡಲಿಲ್ಲ. ಫ್ರಾನ್ಸ್ ಜೇಬಲ್ಲಿತ್ತಲ್ಲ.

ಸುಮ್ನೆ ಓದುವವ:
ಬರ್ಗಾಯ್ನ್‌ಗೆ ಸಹಾಯಕ್ಕೆ ನ್ಯೂಯಾರ್ಕಿನಿಂದ ಇನ್ನೊಬ್ಬ ಬ್ರಿಟಿಷ್ ಸೇನಾಪತಿ ಹೋವ್ ಬರಬೇಕಿತ್ತು, ಲಂಡನ್ನಿನ ಮಂತ್ರಿ ಊರಿಗೆ ಹೋಗೋ ಅವಸರದಲ್ಲಿ ಆ ಆದೇಶಕ್ಕೆ ಸಹಿ ಹಾಕೋದೇ ಮರೆತ, ಅದಕ್ಕೇ ಸೋತರು ಅಂತ ಎಲ್ಲೋ ಓದಿದ್ದೆ. ಈ ಸಲನಾದ್ರೂ ಸರಿನಾ?

ನಿದ್ದೆಗೆಟ್ಟವಳು:
ಪಾಪ, ಈ ಸಲವೂ ಅರ್ಧ ಮಾತ್ರ :) ಆ ಸಹಿಯ ಕಥೆ ಹೇಳೋಕೆ ಚೆನ್ನಾಗಿದೆ. ಅಸಲಿ ಎಡವಟ್ಟು ಅದಕ್ಕಿಂತ ದೊಡ್ಡದು. ಮಂತ್ರಿ ಜರ್ಮೇನ್ ಎರಡೂ ಯೋಜನೆಗೂ ಒಪ್ಪಿಗೆ ಕೊಟ್ಟಿದ್ದ. ಬರ್ಗಾಯ್ನ್‌ಗೆ ಕೆನಡಾದಿಂದ ಆಲ್ಬನಿಗೆ ಇಳಿ ಅಂದ, ಹೋವ್‌ಗೆ ಫಿಲಡೆಲ್ಫಿಯಾ ಹಿಡಿ ಅಂದ. ಹೋವ್ ಸಮುದ್ರದ ದಾರಿ ಹಿಡಿದು ದಕ್ಷಿಣಕ್ಕೆ ಹೋದ. ಪಶ್ಚಿಮದಿಂದ ಮೂರನೇ ದಂಡು ತರಬೇಕಿದ್ದ ಸೇಂಟ್ ಲೆಜರ್ ಸ್ಟ್ಯಾನ್‌ವಿಕ್ಸ್ ಕೋಟೆ ಹತ್ತಿರವೇ ಸಿಕ್ಕಿಹಾಕ್ಕೊಂಡು ವಾಪಸ್ ಹೋದ. ಆಲ್ಬನಿಯಲ್ಲಿ ಮೂರು ದಂಡು ಕೂಡಬೇಕಿತ್ತು, ಕೊನೆಗೆ ಉಳಿದದ್ದು ಬರ್ಗಾಯ್ನ್ ಒಬ್ಬನದ್ದೇ, ಅದೂ ತಲುಪಲಿಲ್ಲ.

ಆ ಒಂದರದ್ದಾದರೂ ಎಂಥ ದಿಬ್ಬಣ! ಕಾಡಿನ ದಾರಿ, ಅಮೆರಿಕನ್ನರು ಮರ ಕಡಿದು ಅಡ್ಡ ಕೆಡವಿದ್ದಾರೆ, ಸೇತುವೆ ಮುರಿದಿದ್ದಾರೆ, ಇವರು ಫಿರಂಗಿ, ಸಾಮಾನಿನ ಗಾಡಿ ಎಲ್ಲ ಎಳ್ಕೊಂಡು ಹೋಗ್ತಿದ್ದಾರೆ. ಟೈಕಾಂಡೆರೋಗಾ ಕೋಟೆ ಜುಲೈ ಮೊದಲ ವಾರದಲ್ಲೇ ಸುಲಭವಾಗಿ ಸಿಕ್ಕಿತ್ತು, ಅದೇ ಗರ್ವ. ಆಗಸ್ಟ್‌ನಲ್ಲಿ ದವಸ, ಕುದುರೆ ತರೋಕೆ ಅಂತ ಬೆನ್ನಿಂಗ್ಟನ್ ಕಡೆ ಕಳಿಸಿದ ತುಕಡಿ ವಾಪಸ್ ಬರಲೇ ಇಲ್ಲ. ಆ ಹೆಸ್ಸಿಯನ್ನರು ಅಲ್ಲೇ ಖಲಾಸ್.

ವರ್ಜೀನಿಯಾ ವಾಸಿ:
ತಿದ್ದುಪಡಿ: ಹೆಸ್ಸಿಯನ್ನರಲ್ಲ. ಬರ್ಗಾಯ್ನ್ ಜೊತೆಗಿದ್ದ ಜರ್ಮನ್ ಬಾಡಿಗೆ ಸೈನಿಕರಲ್ಲಿ ಹೆಚ್ಚಿನವರು ಬ್ರನ್ಸ್‌ವಿಕ್‌ನವರು. ಎಲ್ಲ ಜರ್ಮನ್ನರನ್ನೂ ಹೆಸ್ಸಿಯನ್ ಅನ್ನೋದು ಇಲ್ಲಿನವರ ಚಾಳಿ, ನಮ್ಮನ್ನೆಲ್ಲ ಉತ್ತರದವರು 'ಮದ್ರಾಸಿ' ಅಂದಹಾಗೆ.

ನಿದ್ದೆಗೆಟ್ಟವಳು:
ಸರಿ, ಒಪ್ಪಿದೆ. ಬೇರೆಯವರನ್ನ ತಿದ್ದೋಕೆ ಹೋಗಿ ನಾನೇ ಬಿದ್ದೆ.

ಮೆಣಸಿನಕಾಯಿ ಬಜ್ಜಿ:
ಸುಮ್ನೆ ಓದುವವರಿಗೆ ಈಗ ಸಮಾಧಾನ ಆಗಿರಬೇಕು.

ಧಾರವಾಡದಂವ:
ಭಾಳ ಛಲೋ ನಡದೈತಿ ಚರ್ಚಾ. ನಂದೊಂದು ಮಾತು ಕೇಳ್ರಿ. ಕಾಳಗ ಗೆದ್ರ ಸಾಕು ಅನ್ನೋರು ನಮ್ಮ ಕಿತ್ತೂರು ನೋಡ್ಬೇಕು. 1824ರ ಅಕ್ಟೋಬರ್ 23. ಕೋಟಿ ಬಾಗ್ಲಾ ತಗದು ಹೊರಗ ಬಿದ್ದ ಮಂದಿ ಕಂಪನಿ ದಂಡನ್ನ ಚೆಲ್ಲಾಪಿಲ್ಲಿ ಮಾಡಿದ್ರು. ಕಲೆಕ್ಟರ್ ಥ್ಯಾಕರೆ ಸತ್ತ. ಇಬ್ಬರು ಸಾಹೇಬ್ರು ಸೆರೆ ಸಿಕ್ರು. ಕಂಪನಿ ಸರ್ಕಾರದ ಮುಖಕ್ಕ ಹೊಡದಂಗ ಆಗಿತ್ತು. ಸಾರಟೋಗಾಕ್ಕಿಂತ ಏನ್ ಕಡಿಮಿ ಹೇಳ್ರಿ?

ಆದ್ರ ಮುಂದ ಏನಾತು? ಒಂದೂವರಿ ತಿಂಗಳೂ ಆಗಿಲ್ಲ, ಅಷ್ಟರಾಗ ಕಂಪನಿ ದೊಡ್ಡ ದಂಡು ತಂದು ಡಿಸೆಂಬರ್ ಮೊದಲ ವಾರದಾಗ ಕೋಟಿ ತಗೊಂತು. ರಾಣಿ ಚೆನ್ನಮ್ಮನವರನ್ನ ಬೈಲಹೊಂಗಲದಾಗ ಸೆರಿ ಇಟ್ರು, 1829ರಾಗ ಅಲ್ಲೇ ತೀರಿಕೊಂಡ್ರು. ರಾಯಣ್ಣನ್ನ 1831ರಾಗ ನಂದಗಡದಾಗ ಗಲ್ಲಿಗೆ ಹಾಕಿದ್ರು.

ಧೈರ್ಯ ಕಡಿಮಿ ಇತ್ತೇನು? ಇಲ್ರಿ. ಕಿತ್ತೂರಿಗೆ ಒಂದು ಫ್ರಾನ್ಸ್ ಇರ್ಲಿಲ್ಲ. ಅಷ್ಟ ಫರಕು. ಮರಾಠರದು 1818ಕ್ಕ ಮುಗದಿತ್ತು, ಮೈಸೂರು ಕಂಪನಿ ಕೈಯಾಗ, ನಿಜಾಮ ಅವರ ಗೆಳೆಯ, ಫ್ರೆಂಚರು ನೆಪೋಲಿಯನ್ ಜೋಡಿ ಮಲಗಿದ್ರು. ಗೆದ್ದ ಸುದ್ದಿ ಕಳಸ್ಬೇಕಂದ್ರ ಯಾರಿಗೆ ಕಳಸ್ಬೇಕಿತ್ತು?

ಹಳೇಬೇರು:
ಈ ಕೊನೇ ಸಾಲು ಓದಿ ಅಪ್ಪ ಸುಮ್ಮನೆ ಕೂತ್ರು. ಆಮೇಲೆ "ಧಾರವಾಡದವರು ಸರಿಯಾಗಿ ಹೇಳಿದ್ರು" ಅಂದ್ರು. ನನಗೆ ಒಂದು ಸಲಾನೂ ಹಾಗಂದಿಲ್ಲ.

ಗಣಿತದ ಮೇಷ್ಟ್ರು:
ಧಾರವಾಡದವರೇ, ನೀವು ನನ್ನ ವಾದವನ್ನೇ ನನಗಿಂತ ಚೆನ್ನಾಗಿ ಹೇಳಿದಿರಿ. ಅಂದರೆ ಕಾಳಗ ಅಲ್ಲ, ಸುತ್ತಲಿನ ರಾಜಕೀಯ.

ಧಾರವಾಡದಂವ:
ಇಲ್ರಿ ಸರ್, ಎರಡೂ ಬೇಕು. ಗೆಲ್ಲದಿದ್ರ ರಾಜಕೀಯ ಎಲ್ಲಿಂದ ಹುಟ್ತೈತಿ? ರೊಟ್ಟಿಗೆ ಹಿಟ್ಟೂ ಬೇಕು, ಹಂಚೂ ಬೇಕು.

ಕೋಟೆ ಸುತ್ತಿದವ:
ನಮ್ಮ ಕಡೆಯ ಕೊಂಡಿ ಕಿತ್ತೂರಿಗಿಂತ ಹಿಂದೆಯೇ ಇದೆ, ಅದೂ ನೇರವಾಗಿ ಸಾರಟೋಗಾಕ್ಕೆ. ಸರಪಳಿ ಹೀಗಿದೆ: ಸಾರಟೋಗಾ ಆಯ್ತು, ಫ್ರಾನ್ಸ್ ಯುದ್ಧಕ್ಕಿಳಿಯಿತು. ಫ್ರಾನ್ಸ್ ಇಳಿದ ಕೂಡಲೇ ಇಲ್ಲಿ ಇಂಗ್ಲಿಷ್ ಕಂಪನಿ ಫ್ರೆಂಚರ ನೆಲೆಗಳ ಮೇಲೆ ಬಿತ್ತು. 1778ರ ಅಕ್ಟೋಬರಿನಲ್ಲಿ ಪಾಂಡಿಚೇರಿ, 1779ರ ಮಾರ್ಚ್‌ನಲ್ಲಿ ಮಾಹೆ. ಮಾಹೆ ಅಂದರೆ ಹೈದರಾಲಿಗೆ ಫ್ರೆಂಚ್ ಮದ್ದುಗುಂಡು ಇಳಿಯುತ್ತಿದ್ದ ರೇವು. ತನ್ನ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಅಂತ ಆತ ಎಚ್ಚರಿಸಿದ್ದ. ಮುಟ್ಟಿದರು. 1780ರ ಜುಲೈನಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್‌ಗೆ ನುಗ್ಗಿದ. ಸೆಪ್ಟೆಂಬರ್ 10ಕ್ಕೆ ಕಂಚಿ ಹತ್ತಿರದ ಪೊಲ್ಲಿಲೂರಿನಲ್ಲಿ ಕಂಪನಿಯ ಸೇನಾನಿ ಬೈಲಿಯ ದಂಡು ನಾಶ.

ಹೈದರನ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು. ಹಿಂದೆ ಮಾಡಿಕೊಂಡ ಒಪ್ಪಂದ ಮುರಿದು ಮರಾಠರ ವಿರುದ್ಧ ಕಂಪನಿ ಸಹಾಯಕ್ಕೆ ಬಂದಿರಲಿಲ್ಲ. ಆದರೆ ಕಿಡಿ ಹೊತ್ತಿಸಿದ್ದು ಮಾಹೆ. ಹಡ್ಸನ್ ದಡದ ಗುಡ್ಡದ ಮೇಲೆ ಹಾರಿದ ಗುಂಡಿನ ಸದ್ದು ಮೂರು ವರ್ಷಕ್ಕೆ ಕಂಚಿ ಹತ್ತಿರ ಕೇಳಿತು ಅಂದರೆ ತೀರಾ ಉತ್ಪ್ರೇಕ್ಷೆ ಏನಲ್ಲ.

ಇನ್ನೊಂದು: 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಅಮೆರಿಕದ ಕಪ್ತಾನ ಜೋಶುವಾ ಬಾರ್ನಿ ಹಿಡಿದ. ಅವನ ಹಡಗಿನ ಹೆಸರೇನು ಗೊತ್ತೇ? 'ಹೈದರ್ ಆಲಿ'. ಪೆನ್ಸಿಲ್ವೇನಿಯಾದವರು ಇಟ್ಟ ಹೆಸರು.

ಹಳೇಬೇರು:
ಏನು?! ನಿಜವಾಗ್ಲೂ?

ವರ್ಜೀನಿಯಾ ವಾಸಿ:
ನಿಜ. ಫ್ರೆನೋ ಅನ್ನೋ ಕವಿ ಅದರ ಮೇಲೆ ಪದ್ಯ ಕೂಡ ಬರೆದಿದ್ದಾನೆ. ಬ್ರಿಟಿಷರಿಗೆ ಹೊಡೆದವನು ಎಲ್ಲೇ ಇರಲಿ ನಮ್ಮವನು ಅನ್ನೋ ಕಾಲ ಅದು.

ಕುಡ್ಲದ ಕಡಲು:
ನಮ್ಮ ಮಂಗಳೂರನ್ನು ಬಿಟ್ಟುಬಿಟ್ಟಿರಲ್ಲ ಮಾರಾಯ್ರೆ. 1783ರಲ್ಲಿ ಟಿಪ್ಪು ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಒಳಗೆ ಇಂಗ್ಲಿಷ್ ಸೇನಾನಿ ಕ್ಯಾಂಪ್‌ಬೆಲ್‌ನ ಜನ ಉಪವಾಸ. ಟಿಪ್ಪುವಿನ ಒಟ್ಟಿಗೆ ಫ್ರೆಂಚರ ತುಕಡಿಯೂ ಉಂಟು. ಅಷ್ಟರಲ್ಲಿ ಯುರೋಪಿನಲ್ಲಿ ಶಾಂತಿ ಆಯಿತು ಅಂತ ಸುದ್ದಿ ಬಂತು. ಫ್ರೆಂಚರು "ನಮ್ಮದು ಮುಗಿಯಿತು" ಅಂತ ಪಕ್ಕಕ್ಕೆ ಸರಿದರು! ಟಿಪ್ಪುವಿಗೆ ಹೇಗೆ ಆಗಿರಬೇಡ. ಕೋಟೆ ಕೊನೆಗೆ 1784ರ ಜನವರಿಗೆ ಟಿಪ್ಪುವಿಗೆ ಸಿಕ್ಕಿತು, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ.

ಅಂದರೆ ದೊಡ್ಡವರ ಸ್ನೇಹ ಅಮೆರಿಕಕ್ಕೆ ಒದಗಿತು, ಮೈಸೂರಿಗೆ ಅರ್ಧ ದಾರಿಯಲ್ಲಿ ಕೈ ಕೊಟ್ಟಿತು. ಫ್ರಾನ್ಸ್ ಅದೇ, ವರ್ಷವೂ ಅದೇ.

ಮೆಣಸಿನಕಾಯಿ ಬಜ್ಜಿ:
ಟಿಪ್ಪು ಹೆಸರು ಬಂತು. ಇನ್ನು ನೂರು ಉತ್ತರ ಗ್ಯಾರಂಟಿ. ಬಾಳೆಕಾಯಿ ಬಜ್ಜಿಗೂ ಹಿಟ್ಟು ಕಲಸ್ತೀನಿ ಇರಿ.

ನಿರ್ವಾಹಕ:
ಟಿಪ್ಪು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ 612 ಉತ್ತರ ಇವೆ. ಇಲ್ಲಿ ಬೇಡ. ಎರಡು ಉತ್ತರ ಅಳಿಸಿದ್ದೇನೆ.

ಸುಮ್ನೆ ಓದುವವ:
ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ಸೇ ಶ್ರೀರಂಗಪಟ್ಟಣಕ್ಕೆ ಬಂದವನಾ? ಈ ಸಲ ತಪ್ಪಿದ್ರೆ ನಾನು ಈ ಕಡೆ ತಲೆ ಹಾಕಲ್ಲ.

ಕೋಟೆ ಸುತ್ತಿದವ:
ನೂರಕ್ಕೆ ನೂರು ಸರಿ. ಅವನೇ. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಒಡೆದ. ಕೆ.ಆರ್. ಮಾರುಕಟ್ಟೆ ಹತ್ತಿರ ಉಳಿದಿರುವ ಕೋಟೆಯ ತುಂಡಿನಲ್ಲಿ ಆ ಬಿರುಕಿನ ಜಾಗಕ್ಕೆ ಕಲ್ಲುಫಲಕವಿದೆ, ಬಸ್ಸಿಗೆ ಓಡುವ ಜನ ದಿನಾ ಪಕ್ಕದಲ್ಲೇ ಹೋಗುತ್ತಾರೆ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದು ಮಳೆ, ಹಸಿವಿಗೆ ಸೋತು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. 1792ರಲ್ಲಿ ಮರಾಠರನ್ನೂ ನಿಜಾಮನನ್ನೂ ಜೊತೆಗಿಟ್ಟುಕೊಂಡು ಮತ್ತೆ ಬಂದ. ಟಿಪ್ಪು ತೆತ್ತದ್ದು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳು ಒತ್ತೆ.

ಯಾರ್ಕ್‌ಟೌನ್‌ನಲ್ಲಿ ಎದುರಾಳಿಗೆ ಒಬ್ಬ ಮಿತ್ರ ಸಿಕ್ಕಿದ್ದಕ್ಕೆ ಸೋತವನು, ಇಲ್ಲಿ ಇಬ್ಬರು ಮಿತ್ರರನ್ನು ಕಟ್ಟಿಕೊಂಡೇ ಬಂದ. ಪಾಠ ಕಲಿತಿದ್ದ ಅಂತ ನನ್ನ ಊಹೆ.

ವರ್ಜೀನಿಯಾ ವಾಸಿ:
ಕಾರ್ನ್‌ವಾಲಿಸ್ ಅಂದ ಮೇಲೆ ಯಾರ್ಕ್‌ಟೌನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಲ್ಲಿ ಅಸಲಿ ಕಾಳಗ ನೆಲದ ಮೇಲೆ ನಡೆದದ್ದಲ್ಲ. 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ಸೇನಾನಿ ದ ಗ್ರಾಸ್‌ನ 24 ಯುದ್ಧನೌಕೆಗಳು, ಬ್ರಿಟಿಷ್ ಗ್ರೇವ್ಸ್‌ನ 19 ನೌಕೆಗಳು ಎದುರಾದವು. ಸಂಜೆ ಎರಡೂವರೆ ಗಂಟೆ ಕಾಲ ಗುಂಡು ಹಾರಿಸಿದರು. ಆ ಹೊತ್ತಿಗೆ ಯಾವ ಹಡಗೂ ಮುಳುಗಲಿಲ್ಲ, ಯಾರೂ ಶರಣಾಗಲಿಲ್ಲ. ಆದರೆ ಗ್ರೇವ್ಸ್ ರಿಪೇರಿಗೆ ಅಂತ ನ್ಯೂಯಾರ್ಕಿಗೆ ಹೋದ, ಬಾಗಿಲು ಫ್ರೆಂಚರ ಕೈಲಿ ಉಳಿಯಿತು. ಕಾರ್ನ್‌ವಾಲಿಸ್ ಬೋನಿಗೆ ಬಿದ್ದ. ಅಮೆರಿಕದ ಸ್ವಾತಂತ್ರ್ಯ ಖಚಿತವಾದ ಆ ಸಂಜೆ ಆ ಸಾಲಿನಲ್ಲಿ ಅಮೆರಿಕದ ಒಂದು ಹಡಗೂ ಇರಲಿಲ್ಲ!

ವಾಷಿಂಗ್ಟನ್, ಫ್ರೆಂಚ್ ಸೇನಾಪತಿ ರೋಷಾಂಬೊ ನ್ಯೂಯಾರ್ಕ್ ಪಕ್ಕದಿಂದ ಸದ್ದಿಲ್ಲದೆ ನಡೆದು ಬಂದಿದ್ದರು. ಮುತ್ತಿಗೆ ಮೂರು ವಾರ. ಶರಣಾಗತಿಯ ದಿನ ಕಾರ್ನ್‌ವಾಲಿಸ್‌ಗೆ 'ಮೈ ಹುಷಾರಿಲ್ಲ'. ತನ್ನ ಬದಲು ಕೈಕೆಳಗಿನ ಓಹಾರಾನನ್ನು ಕಳಿಸಿದ. ಅವನು ಮೊದಲು ಫ್ರೆಂಚರ ರೋಷಾಂಬೊ ಕಡೆ ಹೋದ, ಆತ ವಾಷಿಂಗ್ಟನ್ ಕಡೆ ತೋರಿಸಿದ, ವಾಷಿಂಗ್ಟನ್ ತನ್ನ ಕೈಕೆಳಗಿನ ಲಿಂಕನ್ ಕಡೆ ತೋರಿಸಿದ. ನಮ್ಮ ಕಚೇರಿಗಳಲ್ಲಿ ಫೈಲು ಮೇಜಿಂದ ಮೇಜಿಗೆ ಹೋಗೋ ಹಾಗೆ.

ನಿದ್ದೆಗೆಟ್ಟವಳು:
ಹಾ ಹಾ. ಆದರೂ ಯಾರ್ಕ್‌ಟೌನ್ ಆದಮೇಲೂ ನ್ಯೂಯಾರ್ಕ್, ಚಾರ್ಲ್‌ಸ್ಟನ್, ಸವಾನಾ ಬ್ರಿಟಿಷರ ಕೈಲೇ ಇತ್ತು. ಮರುವರ್ಷ ಏಪ್ರಿಲ್‌ನಲ್ಲಿ ವೆಸ್ಟ್ ಇಂಡೀಸ್ ಹತ್ತಿರ ಅದೇ ದ ಗ್ರಾಸ್‌ನನ್ನು ಬ್ರಿಟಿಷರು ಸೋಲಿಸಿ ಸೆರೆ ಹಿಡಿದರು. ಬ್ರಿಟನ್ನಿಗೆ ಶಕ್ತಿ ಇರಲಿಲ್ಲ ಅಂತಲ್ಲ, ಖರ್ಚು ಮಾಡೋ ಮನಸ್ಸು ಸತ್ತಿತ್ತು. ನ್ಯೂಯಾರ್ಕ್ ಖಾಲಿ ಮಾಡಿದ್ದು 1783ರ ನವೆಂಬರ್ 25ಕ್ಕೆ. ಅಪ್ಪನವರ "1783 ತನಕ ಯಾಕೆ" ಅನ್ನೋದಕ್ಕೆ ಇದೇ ಉತ್ತರ ಅನ್ಸುತ್ತೆ: ಸಾರಟೋಗಾ ಜೊತೆಗಾರರನ್ನ ತಂತು, ಯಾರ್ಕ್‌ಟೌನ್ ಲಂಡನ್ನಿನಲ್ಲಿ ಮನಸ್ಸು ಮುರೀತು, ಆಮೇಲೆ ಎರಡು ವರ್ಷ ಕಾಗದ ಪತ್ರ.

ತೋಟದಮನೆ:
ಮನಸ್ಸು ಮುರಿಯೋ ಮಾತಿಗೆ ವಿಯೆಟ್ನಾಂ ಸೇರಿಸ್ತೀನಿ. ಎರಡು ವರ್ಷದ ಹಿಂದೆ ಹನೋಯ್ ಕಡೆ ಹೋಗಿದ್ದೆ (ಮೆಣಸಿನ ಬಳ್ಳಿ ನೋಡೋಕೆ, ಯುದ್ಧಕ್ಕಲ್ಲ). ದಿಯೆನ್ ಬಿಯೆನ್ ಫು, ಫ್ರೆಂಚರ ಮೇಲೆ ವಿಯೆಟ್ನಾಂನವರು ಗೆದ್ದ ಕಾಳಗ. 1954ರ ಮಾರ್ಚ್ 13ಕ್ಕೆ ಶುರು, ಮೇ 7ಕ್ಕೆ ಫ್ರೆಂಚರ ಪಾಳೆಯ ಬಿತ್ತು. ಮರುದಿನವೇ ಜಿನೀವಾದಲ್ಲಿ ಇಂಡೋಚೈನಾ ಮಾತುಕತೆ. ಎಂಥ ಲೆಕ್ಕಾಚಾರ! ವಿಯೆಟ್ನಾಂ ಸೇನಾಪತಿ ಜಿಯಾಪ್ ಜನವರಿಯಲ್ಲೇ ಹೊಡೆಯೋಕೆ ಎಲ್ಲ ಸಿದ್ಧ ಮಾಡಿ, ಕೊನೇ ಗಳಿಗೆಯಲ್ಲಿ ಬೇಡ ಅಂತ ನಿಲ್ಲಿಸಿ, ಗುಡ್ಡ ಹತ್ತಿಸಿದ್ದ ಫಿರಂಗಿಗಳನ್ನ ಮತ್ತೆ ಕೆಳಗೆ ಎಳೆಸಿದ. ಎಳೆದ ಜನ ಎಷ್ಟು ಬೈದಿರಬಹುದು. ಅಕ್ಕಿ ಹೋಗಿದ್ದು ಸೈಕಲ್ ಮೇಲೆ. ಹ್ಯಾಂಡಲ್‌ಗೆ ಬಿದಿರು ಕಟ್ಟಿ, ಒಂದು ಸೈಕಲ್ಲಿಗೆ ಇನ್ನೂರು ಕೆಜಿ ಮೇಲೆ ಹೇರಿ ತಳ್ಳಿಕೊಂಡು. ನಮ್ಮಲ್ಲಿ ಎರಡು ಮೂಟೆ ಅಡಿಕೆ ಹೇರಿದ್ರೆ ಸೈಕಲ್ ಕೈ ಬಿಡುತ್ತೆ.

ಗಣಿತದ ಮೇಷ್ಟ್ರು:
ಮತ್ತೆ ಅದೇ. ಅಷ್ಟು ಗೆದ್ದೂ ಸಿಕ್ಕಿದ್ದು ಅರ್ಧ ದೇಶ, ಹದಿನೇಳನೇ ಅಕ್ಷಾಂಶದವರೆಗೆ. ಪೂರ್ತಿ ಆಗಲು 1975 ಬೇಕಾಯಿತು. ನಿರ್ಣಾಯಕವೇ?

ತೋಟದಮನೆ:
ಫ್ರಾನ್ಸ್ ಮಟ್ಟಿಗೆ ನಿರ್ಣಾಯಕ. ವಿಯೆಟ್ನಾಂ ಮಟ್ಟಿಗೆ ಅರ್ಧ. ನಿಮ್ಮ ಮಟ್ಟಿಗೆ ಯಾವುದೂ ಅಲ್ಲ, ನನಗೆ ಗೊತ್ತು.

ಗಣಿತದ ಮೇಷ್ಟ್ರು:
ಸಾರಟೋಗಾಕ್ಕೆ ಅರ್ಧ ಅಂಕ ಕೊಡುತ್ತೇನೆ. ಮಾಹೆಯ ವಿಷಯ ನನಗೆ ಗೊತ್ತಿರಲಿಲ್ಲ.

ಧಾರವಾಡದಂವ:
ಮೇಷ್ಟ್ರು ಅರ್ಧ ಅಂಕ ಕೊಟ್ರಂದ್ರ ಫಸ್ಟ್ ಕ್ಲಾಸ್ ಅಂತ ತಿಳ್ಕೋರಿ.

ಹಳೇಬೇರು:
ಎಲ್ಲರಿಗೂ ಧನ್ಯವಾದ. ಅಪ್ಪ ಎಲ್ಲಾನೂ ನನ್ನ ಕೈಲಿ ಓದಿಸಿ ಒಂದು ಹಳೇ ಡೈರಿಯಲ್ಲಿ ಬರ್ಕೊಂಡ್ರು. ಬೂಟಿನ ಕಲ್ಲಿನ ಚಿತ್ರ ಬಿಡಿಸಿದ್ದಾರೆ, ಎಡಗಾಲೋ ಬಲಗಾಲೋ ಅಂತ ನೆನಪಾಗದೆ ನನ್ನ ಫೋನಲ್ಲಿ ಫೋಟೋ ಹುಡುಕ್ತಿದ್ದಾರೆ. ಈಗ 'ಹೈದರ್ ಆಲಿ' ಹಡಗು ಎಲ್ಲಿ ನಿಂತಿದೆ, ನೋಡಬಹುದಾ ಅಂತ ಹಟ. ಅಷ್ಟು ವರ್ಷ ಮರದ ಹಡಗು ಉಳಿಯುತ್ತಾ ಅಂದ್ರೆ ಕೇಳ್ತಾ ಇಲ್ಲ. ಕಾರ್ನ್‌ವಾಲಿಸ್ ಶರಣಾದ ಜಾಗ ಆದ್ರೂ ತೋರಿಸು ಅಂತಿದ್ದಾರೆ. ಇಲ್ಲಿಂದ ಯಾರ್ಕ್‌ಟೌನ್ ಎಷ್ಟು ಹೊತ್ತು?

ನಿದ್ದೆಗೆಟ್ಟವಳು:
ಎಡಗಾಲು. ಅದೇ ಕಾಲಿಗೆ 1775ರ ಕೊನೇ ದಿನ ಕ್ವಿಬೆಕ್‌ನಲ್ಲೂ ಗುಂಡು ಬಿದ್ದಿತ್ತು.

ವರ್ಜೀನಿಯಾ ವಾಸಿ:
ಕಾರಲ್ಲಿ ಎಂಟೊಂಬತ್ತು ಗಂಟೆ, ವಾಷಿಂಗ್ಟನ್ ಡಿಸಿ ಟ್ರಾಫಿಕ್ ಸಿಕ್ಕರೆ ಹತ್ತು. ಅಪ್ಪನವರನ್ನ ನಮ್ಮ ಮನೆಗೇ ಕರ್ಕೊಂಡು ಬನ್ನಿ. ರಾತ್ರಿ ಉಳ್ಕೊಂಡು ಬೆಳಿಗ್ಗೆ ಉಪ್ಪಿಟ್ಟು ತಿಂದು ಹೋಗೋಣ, ಬಿಸಿಲೇರೋಕೆ ಮುಂಚೆ ಕಂದಕ ಎಲ್ಲ ಸುತ್ತಿ ಬರಬಹುದು. ಮೆಸೇಜ್ ಹಾಕಿ.

ಮೆಣಸಿನಕಾಯಿ ಬಜ್ಜಿ:
ಹತ್ತು ಗಂಟೆ ಕಾರು ಓಡಿಸಿ ಉಪ್ಪಿಟ್ಟಾ?

ಧಾರವಾಡದಂವ:
ಊರಿಗೆ ಬಂದಮ್ಯಾಲ ಅಪ್ಪಾರನ್ನ ಅಕ್ಟೋಬರ್ 23ಕ್ಕ ಕಿತ್ತೂರು ಉತ್ಸವಕ್ಕ ಕರ್ಕೊಂಡು ಬರ್ರಿ. ಕೋಟಿ ನಾನು ತೋರಸ್ತೀನಿ. ಉಪ್ಪಿಟ್ಟಲ್ರಿ, ರೊಟ್ಟಿ ಊಟ.